ನಮ್ಮ ಊರೂ ನಮ್ಮ ದೇಶವೂ
(ಭಾನುವಾರದ ಶಾಲೆಯ ಮಕ್ಕಳಿಗೂ ಅವರ ತಂದೆತಾಯಿಗಳಿಗೂ)

ಬಿಳಿಗೆರೆಯ ಒಬ್ಬ ಹುಡುಗನನ್ನು, ನಿನ್ನ ದೇಶ ಯಾವದು ಎಂದು ಕೇಳಿದರೆ, ಭಾರತವೆಂದು ಕೂಡಲೇ ಉತ್ತರ ಕೊಡುವನು. ಅದು ಎಲ್ಲಿದೆ ಎಂದು ಕೇಳಿದರೆ ಗೋಡೆಯ ಮೇಲಿನ ನಕ್ಷೆಯನ್ನು ತೋರಿಸುವನು. ತಾನು ನಿಂತಿರುವ ನೆಲವೇ ಆ ದೇಶವೆಂಬದು ಅವನಿಗೆ ಹೊಳೆಯುವದಿಲ್ಲ. ಆದಕಾರಣ ಈ ಪಾಠವನ್ನು ಮನೆಯ ಹಿಂದಿನ ತೆಂಗಿನ ತೋಟದಿಂದ ಆರಂಭಿಸೋಣ.

ಮಕ್ಕಳೇ, ನಮ್ಮ ಸೀಮೆಯಲ್ಲಿ ಬೀಳುವ ಮಳೆಯು ಎಲ್ಲಿಗೆ ಹೋಗುತ್ತದೆಂದು ಬಲ್ಲಿರಾ? ಚಿಕ್ಕನಾಯಕನಹಳ್ಳಿಯ ಉತ್ತರಕ್ಕೆ ಬಿದ್ದ ನೀರು ಸುವರ್ಣಮುಖಿಯ ಮೂಲಕ ಬೋರನಕಣಿವೆಯ ಜಲಾಶಯಕ್ಕೆ ಬಂದು, ಮುಂದೆ ವೇದಾವತಿಯನ್ನೂ ತುಂಗಭದ್ರೆಯನ್ನೂ ಕೂಡಿ, ಕಡೆಗೆ ಕೃಷ್ಣೆಯನ್ನು ಸೇರುತ್ತದೆ. ತುರುವೇಕೆರೆಯ ಕಡೆ ಬಿದ್ದದ್ದು ಶಿಂಷಾ ನದಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಒಂದೇ ಮೋಡದ ಹನಿಗಳು ಹೀಗೆ ಎರಡು ಮಹಾನದಿಗಳ ಪಾಲಾಗುತ್ತವೆ. ಪಡುವಣ ಸಮುದ್ರವು ನಮಗೆ ಹತ್ತಿರವಾಗಿದ್ದರೂ ಆ ಎರಡು ನದಿಗಳೂ ದೂರದ ಬಂಗಾಳ ಕೊಲ್ಲಿಗೇ ಹರಿಯುತ್ತವೆ. ಯಾಕಂದರೆ ನಾವು ವಾಸಿಸುವ ದಖ್ಖನ್ ಪ್ರಸ್ಥಭೂಮಿಯು ಪಡುವಣ ಘಟ್ಟಗಳಿಂದ ಮೂಡಲಿಗೆ ಇಳಿಜಾರಾಗಿದೆ. ತಾಯಂದಿರು ಒಂದು ಹರಿವಾಣವನ್ನು ಓರೆಯಾಗಿ ಹಿಡಿದು ನೀರು ಚಿಮುಕಿಸಿ ತೋರಿಸಿದರೆ ಐದು ವರುಷದ ಮಗುವೂ ಇದನ್ನು ಗ್ರಹಿಸುವದು. ಹೇಮಾವತಿಯ ಕಾಲುವೆಯ ನೀರಾದರೋ ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟಿ, 1979ರಲ್ಲಿ ಮುಗಿದ ಗೊರೂರು ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ನಮ್ಮ ಜಿಲ್ಲೆಗೆ ಬರುತ್ತದೆ.

ಇನ್ನು ಆಡಳಿತದ ಮಾತು. ಒಂದು ಮೂಟೆ ಕೊಬ್ಬರಿಯನ್ನು ಹಿಂಬಾಲಿಸಿ ಹೋಗಿರಿ. ತೋಟದಿಂದ ಊರ ಬೀದಿಗೆ ಬರುವ ದಾರಿಯನ್ನು ನೋಡಿಕೊಳ್ಳುವದು ಗ್ರಾಮ ಪಂಚಾಯಿತಿ. ತಿಪಟೂರಿನ ಮಾರುಕಟ್ಟೆಯಲ್ಲಿ ಅದರ ತೂಕವೂ ಹರಾಜೂ ರಾಜ್ಯದ ಕಾಯಿದೆಗೆ ಒಳಪಟ್ಟಿವೆ. ಬೆಂಬಲ ಬೆಲೆಯನ್ನು ಗೊತ್ತುಮಾಡುವದು ಕೇಂದ್ರ ಸರಕಾರ. 2025ನೆಯ ವರುಷಕ್ಕೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ ಎಂದು ಗೊತ್ತುಮಾಡಿತು. ತಿಪಟೂರಿನ ರೈಲುದಾರಿಯೂ ಕೇಂದ್ರದ್ದೇ. ಬೆಲೆ ಇಳಿದಾಗ ಪಂಚಾಯಿತಿಯವರನ್ನು ಬೈಯುವದೂ ಬೀದಿಯ ದೀಪ ಕೆಟ್ಟಾಗ ದೆಹಲಿಯನ್ನು ದೂರುವದೂ ನಮ್ಮಲ್ಲಿ ವಾಡಿಕೆ, ಎರಡರಿಂದಲೂ ಪ್ರಯೋಜನವಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ವಿಧಾನಸಭೆಗೆ ಒಬ್ಬೊಬ್ಬರನ್ನು ಕಳುಹಿಸುತ್ತವೆ. ಅಲ್ಲಿ ಒಟ್ಟು 224 ಸ್ಥಾನಗಳುಂಟು. ಲೋಕಸಭೆಗೆ ಮೂರೂ ತುಮಕೂರು ಕ್ಷೇತ್ರದಲ್ಲಿ ಅಡಕವಾಗಿವೆ. ಪೂರ್ವದಲ್ಲಿ ಹೀಗಿರಲಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲುರವರು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ದೊಡ್ಡ ಹಿಡುವಳಿದಾರರಿಗೂ ವರ್ತಕರಿಗೂ ಕರೆ ಹೋಯಿತು. ಕೂಲಿಯವನನ್ನು ಯಾರೂ ಕೇಳಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತೋಟದ ಯಜಮಾನನಿಗೂ ಅವನ ಮರ ಹತ್ತುವವನಿಗೂ ಒಂದೊಂದೇ ಮತವನ್ನು ಕೊಟ್ಟಿತು. ಮತದ ವಯಸ್ಸು 21 ಆಗಿದ್ದದ್ದು 1989ರಲ್ಲಿ 18 ಆಯಿತು.

ಈಗ ಹಿರಿಯರಿಗೆ ಒಂದು ಮಾತು. ನಾನು ಮೊದಲು ಉಪದೇಶಿಯಾಗಿದ್ದ ಒಂದು ಹಳ್ಳಿಯಲ್ಲಿ ನಮ್ಮ ಸಭೆಗೆ ಸಮಾಧಿಯ ಭೂಮಿ ಇರಲಿಲ್ಲ. ಒಬ್ಬ ಅಜ್ಜಿ ತೀರಿಕೊಂಡಾಗ ಸುರಿಯುವ ಮಳೆಯಲ್ಲಿ ಪೆಟ್ಟಿಗೆಯನ್ನು ಹೊತ್ತು ದೂರದ ಇನ್ನೊಂದು ಸಭೆಯ ಸ್ಥಳಕ್ಕೆ ಒಯ್ದೆವು. ಆ ಮೇಲೆ ವಿಚಾರಿಸಲಾಗಿ, ನಮ್ಮವರಲ್ಲಿ ಒಬ್ಬರಾದರೂ ಗ್ರಾಮಸಭೆಗೆ ಎಂದೂ ಹೋದವರಲ್ಲವೆಂದು ತಿಳಿಯಿತು. “ನಮ್ಮ ಊರು ಮೇಲಿನದು, ಅಯ್ಯನವರೇ, ಇಲ್ಲಿನ ಸಭೆ ನಮಗೇಕೆ?” ಎಂದು ಒಬ್ಬ ಹಿರಿಯರು ಕೇಳಿದರು. ಆ ದಿನ ನಾನು ಸುಮ್ಮನಿದ್ದೆನು. ಅದು ನನ್ನ ತಪ್ಪು. ಪೌಲನು ಆ ಮೇಲಿನ ಊರನ್ನು ನಮಗಿಂತ ಚೆನ್ನಾಗಿ ಬಲ್ಲವನು. ಆದರೂ ಯೆರೂಸಲೇಮಿನಲ್ಲಿ ಅವನನ್ನು ಕೊರಡೆಯಿಂದ ಹೊಡೆಯುವದಕ್ಕೆ ಕಟ್ಟಿದಾಗ, ತಾನು ರೋಮ್ ಪೌರನೆಂಬದನ್ನು ಶತಾಧಿಪತಿಗೆ ತಿಳಿಸಿ ಕಾಯಿದೆಯ ಆಶ್ರಯವನ್ನು ಪಡೆದನು (ಅಪೊಸ್ತಲರ ಕೃತ್ಯಗಳು 22ನೆಯ ಅಧ್ಯಾಯ). ಪೌರತ್ವವನ್ನು ಅವನು ಪಾಪವೆಂದು ಎಣಿಸಲಿಲ್ಲ.

ಮುಂದಿನ ಭಾನುವಾರ ಇದನ್ನೇ ಬೋಧಿಸಿದೆನು. ಸರಕಾರದ ಭೂಮಿಯನ್ನು ಮಂಜೂರು ಮಾಡಿಸುವದು ರೆವೆನ್ಯೂ ಇಲಾಖೆಯ ಕೆಲಸವಾದ್ದರಿಂದ ಅರ್ಜಿಯು ತಹಶೀಲ್ದಾರರಿಗೆ ಹೋಗಬೇಕು. ದಾರಿಯೂ ಬೇಲಿಯೂ ಪಂಚಾಯಿತಿಯಿಂದ ಆಗಬೇಕು. ಏಳನೆಯ ತರಗತಿಯ ಒಬ್ಬ ಹುಡುಗಿಯೇ ಅರ್ಜಿಯನ್ನು ಬರೆದಳು. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಕೂಡತಕ್ಕದ್ದು. ಆ ಸಾರಿ ನಮ್ಮವರು ಹನ್ನೊಂದು ಮಂದಿ ಹೋಗಿ ಪುಸ್ತಕದಲ್ಲಿ ರುಜು ಮಾಡಿ, ತಮ್ಮ ಕೋರಿಕೆಯನ್ನು ನಡವಳಿಯಲ್ಲಿ ಬರೆಯಿಸಿದರು. ಜಾತ್ರೆಯ ಮಾತೇ ನಡೆಯುವದೆಂದು ಅಂಜಿದ್ದವರು, ಮುಕ್ಕಾಲು ಪಾಲು ನೀರಿನ ಮಾತೇ ಆಯಿತೆಂದು ಬಂದು ಹೇಳಿದರು. ಭೂಮಿಯ ಅಳತೆಯಾಗಿದೆ, ಮಂಜೂರಾತಿ ಇನ್ನೂ ಬರಬೇಕು.

ಮಕ್ಕಳು ಮುಂದಿನ ವಾರಕ್ಕೆ ವಿಚಾರಿಸಿಕೊಂಡು ಬರತಕ್ಕದ್ದು: ನಿಮ್ಮ ಊರ ಕೆರೆಯ ಕೋಡಿ ಬಿದ್ದರೆ ನೀರು ಯಾವ ಹಳ್ಳಕ್ಕೆ ಹೋಗುತ್ತದೆ? ನಿಮ್ಮ ಪಂಚಾಯಿತಿಯ ಕಛೇರಿ ಯಾವ ಊರಲ್ಲಿದೆ? ಕಳೆದ ಗ್ರಾಮಸಭೆಗೆ ನಿಮ್ಮ ಮನೆಯಿಂದ ಯಾರು ಹೋಗಿದ್ದರು?