ಮನೆಪಾಠದ ವರ್ಷ: ಯೋಜನೆ ಮತ್ತು ಕಾಗದಪತ್ರ

ತೋಟದ ವರ್ಷ ಹೇಗೆ ಉರುಳುತ್ತದೆಂಬುದನ್ನು ನಮ್ಮ ಸದಸ್ಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಗಾರಿಗೆ ಮೊದಲು ಅಡಿಕೆಗೆ ಬೋರ್ಡೋ ದ್ರಾವಣ, ಮಳೆ ಬಿಡುವು ಕೊಟ್ಟಾಗ ಎರಡನೆಯ ಸಿಂಪಡಣೆ, ನವೆಂಬರಿನಿಂದ ಅರಾಬಿಕಾ ಕೊಯ್ಲು, ಜನವರಿಯಿಂದ ರೋಬಸ್ಟಾ, ಅದರ ನಡುವೆಯೇ ಅಡಿಕೆ ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು. ಆಮೇಲೆ ಆಕಾಶ ನೋಡುತ್ತ ಹೂಮಳೆಗೆ ಕಾಯುವುದು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿರುವ, ಅಥವಾ ಓದಿಸಬೇಕೆಂದಿರುವ ಕುಟುಂಬಗಳು ಈ ಪಂಚಾಂಗದ ಪಕ್ಕದಲ್ಲಿ ಇನ್ನೊಂದನ್ನೂ ತೂಗುಹಾಕಿಕೊಳ್ಳಬೇಕು. ಅದು ಅರ್ಜಿ, ಶುಲ್ಕ ಮತ್ತು ಪರೀಕ್ಷೆಗಳ ಪಂಚಾಂಗ. ಪಾಠ ಹೇಗೋ ನಡೆದುಹೋಗುತ್ತದೆ. ಮನೆಪಾಠದ ಮಕ್ಕಳಿಗೆ ತೊಡಕಾಗುವುದು ಬಹುಮಟ್ಟಿಗೆ ಕಾಗದಪತ್ರದಲ್ಲಿ.

ಮನೆಯಲ್ಲಿ ಓದಿಸುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಇಲ್ಲಿ ಕೈಹಾಕುವುದಿಲ್ಲ. ಬಸ್ಸು ಬರುವ ರಸ್ತೆಗೆ ಮೂರು ನಾಲ್ಕು ಮೈಲಿ ನಡೆಯಬೇಕಾದ ಮನೆಗಳಿವೆ. ಮಳೆಗಾಲದಲ್ಲಿ ಹಳ್ಳ ದಾಟಲಾಗದು, ಕೆಲವೆಡೆ ಆನೆಯ ಭಯ. ಕಾರಣಗಳು ಅವರವರಿಗೆ ಗೊತ್ತು. ಒಂದು ಮಾತನ್ನು ಮಾತ್ರ ಹೇಳದೆ ಬಿಡಲಾಗದು. ಕೊಯ್ಲಿಗೆ ಜನ ಸಿಗುವುದಿಲ್ಲವೆಂದು ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಂಡರೆ ಅದು ಮನೆಪಾಠವಲ್ಲ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗು ತನ್ನ ಕುಟುಂಬದ ಕೆಲಸಕ್ಕೆ ನೆರವಾಗಬಹುದಾದದ್ದು ಶಾಲೆಯ ಸಮಯ ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾತ್ರ. ಮನೆಯಲ್ಲಿ ಓದುವ ಮಗುವಿಗೂ ಹೀಗೊಂದು ಶಾಲೆಯ ಸಮಯವನ್ನು ನಾವೇ ಗೊತ್ತುಮಾಡಿ ಪಾಲಿಸಬೇಕು.

ಕಾನೂನಿನ ಸ್ಥಿತಿ ಹೀಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯವೆಂದು ಅದು ಹೇಳುತ್ತದೆ. ಸೇರಿಸದ ಪೋಷಕರಿಗೆ ಆ ಕಾಯಿದೆ ದಂಡ ಗೊತ್ತುಮಾಡಿಲ್ಲ. ಮನೆಪಾಠಕ್ಕೆ ಅನುಮತಿಯೆಂಬ ಪತ್ರವನ್ನೂ ಅದು ಕೊಡುವುದಿಲ್ಲ. ಆದ್ದರಿಂದ ಅನುಮತಿ ಕೊಡಿಸುತ್ತೇನೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಇತ್ತ ನಮ್ಮ ರಾಜ್ಯದಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಹೈಕೋರ್ಟು 2013ರಲ್ಲಿ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡ ಮೇಲೆ ಮನೆಮನೆಯ ಸಮೀಕ್ಷೆ ಬಿಗಿಯಾಗಿದೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳೋ ಊರಿನ ಶಾಲೆಯ ಮೇಷ್ಟರೋ ಒಂದು ದಿನ ಬಾಗಿಲಿಗೆ ಬಂದು ಮಗು ಯಾಕೆ ಶಾಲೆಗೆ ಬರುತ್ತಿಲ್ಲವೆಂದು ಕೇಳಿಯೇ ಕೇಳುತ್ತಾರೆ. ಅವರೊಡನೆ ಜಗಳ ಬೇಡ, ಅದು ಅವರ ಕೆಲಸ. ಕೂರಿಸಿ ಕಾಫಿ ಕೊಟ್ಟು ಮಗುವಿನ ಪುಸ್ತಕಗಳನ್ನು ಮುಂದಿಡಿ.

ತೋರಿಸಲು ಏನಾದರೂ ಇರಬೇಕಾದರೆ ಮೊದಲ ದಿನದಿಂದಲೇ ಒಂದು ದಾಖಲೆ ಪುಸ್ತಕ ಇಡಬೇಕು. ಸಂಘದ ಪಾಸುಪುಸ್ತಕದಷ್ಟೇ ಸರಳವಾಗಿರಲಿ: ತಾರೀಖು, ವಿಷಯ, ಎಷ್ಟು ಹೊತ್ತು, ಏನು ಬರೆದದ್ದು. ತಿಂಗಳಿಗೊಮ್ಮೆ ಒಂದು ಪ್ರಶ್ನೆಪತ್ರಿಕೆ ಬರೆಸಿ ತಾರೀಖು ಹಾಕಿ ಅದರೊಳಗೇ ಸೇರಿಸಿಡಿ. ಇಂಥ ಪುಸ್ತಕ ಇಡಬೇಕೆಂಬ ಕಟ್ಟಳೆ ಇಲ್ಲ. ಆದರೆ ನಾಳೆ ಮಗು ಶಾಲೆಗೆ ಮರಳಬೇಕೆಂದಾಗ ಯಾವ ಮಟ್ಟದಲ್ಲಿದೆಯೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಮರಳುವ ದಾರಿಯಂತೂ ತೆರೆದೇ ಇದೆ. ಶಾಲೆ ಬಿಟ್ಟ ಅಥವಾ ಶಾಲೆಗೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಟಿ.ಸಿ. ತಡವಾಯಿತೆಂದಾಗಲಿ ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಸೇರಿಸಿಕೊಳ್ಳದಿರುವಂತಿಲ್ಲ. ನಮ್ಮ ಲೈನು ಮನೆಗಳಲ್ಲಿರುವ ಕೆಲಸದವರ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆಂದು ಇಲ್ಲೇ ನೆನಪಿಸುತ್ತೇವೆ. ಆದರೆ ಈ ದಾರಿ 8ನೆಯ ತರಗತಿಯವರೆಗೆ ಮಾತ್ರ. 14 ದಾಟಿದ ಮೇಲೆ ಕಾಯಿದೆಯ ಆಸರೆ ಇಲ್ಲ, ಪರೀಕ್ಷೆಯ ಕಾಗದವೇ ಆಸರೆ.

ಇನ್ನು ಹಲವರು ಯೋಚಿಸದ, ಆದರೆ ಎಲ್ಲಕ್ಕಿಂತ ದುಬಾರಿಯಾಗಬಲ್ಲ ಸಂಗತಿ. 1ರಿಂದ 10ನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ವೃತ್ತಿಶಿಕ್ಷಣದ ಸಿ.ಇ.ಟಿ. ಸೀಟುಗಳಲ್ಲಿ ಶೇ. 15, ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಶೇ. 25 ಗ್ರಾಮೀಣ ಮೀಸಲಾತಿ ಇದೆ. ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಈ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರು ಸಹಿ ಹಾಕಿ ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುರುಜು ಮಾಡಬೇಕು. ಕಾಡಿನ ನಡುವಿನ ಮನೆಯಲ್ಲಿ ಹುಟ್ಟಿ ಬೆಳೆದ ಮಗುವಾದರೂ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಗ್ರಾಮೀಣ ಅಭ್ಯರ್ಥಿ ಎನಿಸುವುದಿಲ್ಲ. ನ್ಯಾಯವೋ ಅಲ್ಲವೋ, ನಿಯಮ ಹಾಗಿದೆ.

ಸಿ.ಇ.ಟಿ.ಯಲ್ಲಿ ಕರ್ನಾಟಕದ ಅಭ್ಯರ್ಥಿಯೆನಿಸಲು ಇರುವ ಮುಖ್ಯ ಷರತ್ತನ್ನೂ ನೋಡಿ. 1ನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯೊಳಗೆ ಕನಿಷ್ಠ 7 ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು, ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿ.ಯು.ಸಿ.ಯನ್ನು ಇಲ್ಲಿಂದಲೇ ಪಾಸು ಮಾಡಿರಬೇಕು. ಲೆಕ್ಕ ಹಾಕಿ ನೋಡಿ. 5ನೆಯ ತರಗತಿಯವರೆಗೆ ಊರಿನ ಶಾಲೆಯಲ್ಲಿ ಓದಿ, ಆಮೇಲೆ ಮನೆಯಲ್ಲಿ ಓದಿ, ಪಿ.ಯು.ಸಿ.ಯ ಎರಡು ವರ್ಷ ತಾಲ್ಲೂಕಿನ ಕಾಲೇಜಿಗೆ ಹೋದರೆ 5 ಮತ್ತು 2 ಸೇರಿ ಸರಿಯಾಗಿ 7. 4ನೆಯ ತರಗತಿಗೇ ಬಿಡಿಸಿದರೆ 6. ಒಂದು ವರ್ಷದ ವ್ಯತ್ಯಾಸಕ್ಕೆ ಎಂಜಿನಿಯರಿಂಗ್ ಅಥವಾ ಕೃಷಿ ಬಿ.ಎಸ್ಸಿ. ಸೀಟಿನ ಅರ್ಹತೆಗೇ ಕುತ್ತು ಬರಬಹುದು. ಆದ್ದರಿಂದ ನಮ್ಮ ಸಲಹೆ ಇಷ್ಟು: 5ನೆಯ ತರಗತಿ ಮುಗಿಯುವ ಮೊದಲು ಬಿಡಿಸಬೇಡಿ, ಬಿಡಿಸುವಾಗ ವ್ಯಾಸಂಗ ಪ್ರಮಾಣಪತ್ರ ಮತ್ತು ವಿದ್ಯಾರ್ಥಿಯ ಸ್ಯಾಟ್ಸ್ ಸಂಖ್ಯೆ ಇರುವ ಟಿ.ಸಿ. ಎರಡನ್ನೂ ಅಂದೇ ಪಡೆದುಕೊಳ್ಳಿ. ಹತ್ತು ವರ್ಷದ ಮೇಲೆ ಆ ಶಾಲೆ ಇರುತ್ತದೋ ಪಕ್ಕದ ಶಾಲೆಗೆ ಸೇರಿಹೋಗಿರುತ್ತದೋ ಹೇಳಬಲ್ಲವರಾರು?

ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ಬಾಗಿಲುಗಳಿವೆ. ಒಂದು, ರಾಜ್ಯದ ಪರೀಕ್ಷಾ ಮಂಡಳಿಯ ಎಸ್.ಎಸ್.ಎಲ್.ಸಿ.ಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವುದು. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಹೀಗೆ ಆರು ವಿಷಯಗಳು. ವಯಸ್ಸಿನ ಷರತ್ತು, ಶುಲ್ಕ, ನೋಂದಣಿಯ ತಾರೀಖುಗಳನ್ನು ಮಂಡಳಿ ಪ್ರತಿವರ್ಷ ಅಧಿಸೂಚನೆಯಲ್ಲಿ ಪ್ರಕಟಿಸುತ್ತದೆ. ಇನ್ನೊಂದು, ಕೇಂದ್ರ ಶಿಕ್ಷಣ ಮಂತ್ರಾಲಯದಡಿಯ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್.ಐ.ಓ.ಎಸ್. ಇದು 1989ರಲ್ಲಿ ಆರಂಭವಾಯಿತು, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಸೆಕೆಂಡರಿಗೆ 14 ವರ್ಷ ತುಂಬಿರಬೇಕು. ಒಂದೋ ಎರಡೋ ಭಾಷೆ ಸೇರಿ ಐದು ವಿಷಯ ಸಾಕು. ನೋಂದಣಿ ಐದು ವರ್ಷ ಊರ್ಜಿತವಾಗಿರುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶ. ಐದೂ ವಿಷಯಗಳನ್ನು ಒಟ್ಟಿಗೇ ಬರೆಯಬೇಕೆಂದಿಲ್ಲ. ಹತ್ತಕ್ಕಿಂತ ಕೆಳಗೆ ಕಾಗದ ಬೇಕೆನ್ನುವವರಿಗೆ ಇದೇ ಸಂಸ್ಥೆಯಲ್ಲಿ 3, 5 ಮತ್ತು 8ನೆಯ ತರಗತಿಗೆ ಸಮನಾದ ಮೂರು ಹಂತಗಳೂ ಇವೆ.

ಯಾವುದು ಮೇಲು? ಕನ್ನಡದಲ್ಲಿ, ರಾಜ್ಯದ ಪಠ್ಯಪುಸ್ತಕ ಓದಿ ಬೆಳೆದ ಮಗುವಿಗೆ ಎಸ್.ಎಸ್.ಎಲ್.ಸಿ.ಯೇ ಹೆಚ್ಚು ಅನುಕೂಲ, ಮುಂದೆ ಪಿ.ಯು. ಕಾಲೇಜಿನಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಒಂದೊಂದೇ ವಿಷಯ ಹಿಡಿದು ನಿಧಾನವಾಗಿ ಗಟ್ಟಿಮಾಡಬೇಕಾದ ಮಗುವಿಗೆ ಎನ್.ಐ.ಓ.ಎಸ್. ಹೊಂದುತ್ತದೆ.

ಎನ್.ಐ.ಓ.ಎಸ್. ಆರಿಸಿಕೊಂಡವರು ಅದರ ಪಂಚಾಂಗವನ್ನು ತೋಟದ ಪಂಚಾಂಗದ ಪಕ್ಕದಲ್ಲಿಟ್ಟು ನೋಡಬೇಕು. ಪರೀಕ್ಷೆ ವರ್ಷಕ್ಕೆರಡು ಬಾರಿ: ಏಪ್ರಿಲ್–ಮೇ, ಅಕ್ಟೋಬರ್–ನವೆಂಬರ್. ಒಂದು ಕೊಯ್ಲು ಮುಗಿದ ಮೇಲೆ, ಇನ್ನೊಂದು ಕೊಯ್ಲು ಬಿರುಸಾಗುವ ಮುಂಚೆ. ಪರೀಕ್ಷೆಯೇನೋ ನಮಗೆ ಅನುಕೂಲದ ಕಾಲಕ್ಕೇ ಬರುತ್ತದೆ. ಆದರೆ ಕಾಗದದ ಕೊನೆಯ ದಿನಗಳು? ಏಪ್ರಿಲ್ ಪರೀಕ್ಷೆಯ ತಂಡಕ್ಕೆ ಸಾಮಾನ್ಯವಾಗಿ ಹಿಂದಿನ ವರ್ಷದ ಮಾರ್ಚ್ 16ರಿಂದ ಜುಲೈ 31ರೊಳಗೆ ಸೇರಬೇಕು. ಅಕ್ಟೋಬರಿನ ತಂಡಕ್ಕೆ ಸೆಪ್ಟೆಂಬರ್ 16ರಿಂದ ಜನವರಿ 31. ಶೇ. 20 ಅಂಕಕ್ಕೆ ಲೆಕ್ಕವಾಗುವ ಮನೆಯ ಉತ್ತರಪತ್ರಿಕೆಗಳನ್ನು ಒಪ್ಪಿಸಲು ಏಪ್ರಿಲ್ ಪರೀಕ್ಷೆಯವರಿಗೆ ಜನವರಿ 31, ಅಕ್ಟೋಬರಿನವರಿಗೆ ಜುಲೈ 31. ಪರೀಕ್ಷಾ ಶುಲ್ಕ ಬೇರೆ. ಏಪ್ರಿಲ್ ಪರೀಕ್ಷೆಯ ಶುಲ್ಕಕ್ಕೆ ಕರೆ ಬರುವುದು ಚಳಿಗಾಲದಲ್ಲಿ. ಜುಲೈ 31 ಎಂದರೆ ಕರೆಂಟಿಲ್ಲದ, ಫೋನಿಗೆ ಸಿಗ್ನಲ್ ಇಲ್ಲದ, ರಸ್ತೆಗೆ ಮರ ಬಿದ್ದಿರುವ ದಿನ. ಜನವರಿ 31 ಎಂದರೆ ಕಣದ ತುಂಬ ಹಣ್ಣು, ಅಡಿಕೆಯ ಹಂಡೆ ಒಲೆಯ ಮೇಲೆ.

ಆದಕಾರಣ ಅವರ ಕೊನೆಯ ದಿನವನ್ನು ನಮ್ಮ ಕೊನೆಯ ದಿನವೆಂದು ಇಟ್ಟುಕೊಳ್ಳಬಾರದು. ಗೋಡೆಯ ಕ್ಯಾಲೆಂಡರಿನಲ್ಲಿ ನಮ್ಮದೇ ಗೆರೆ ಎಳೆಯಬೇಕು. ಪ್ರವೇಶದ ಅರ್ಜಿ ಮೇ ತಿಂಗಳಲ್ಲಿ, ಬೋರ್ಡೋ ಹೊಡೆಯುವ ಮುಂಚೆ ಹೋಗಿರಲಿ. ಮಳೆಗಾಲದ ನಾಲ್ಕು ತಿಂಗಳು ಓದಿಗೇ ಮೀಸಲು. ನಮ್ಮಲ್ಲಿ ಓದಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಉತ್ತರಪತ್ರಿಕೆಗಳೆಲ್ಲ ದೀಪಾವಳಿಯೊಳಗೆ ಬರೆದು ಮುಗಿಯಲಿ. ಪರೀಕ್ಷಾ ಶುಲ್ಕಕ್ಕೆ ಕರೆ ಬಂದ ವಾರದಲ್ಲೇ ಕಟ್ಟಿ. ಕೊಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಎರಡು ಗಂಟೆ ಓದು ಸಾಕು, ಆದರೆ ಆ ಎರಡು ಗಂಟೆ ತಪ್ಪಕೂಡದು. ಫೆಬ್ರವರಿಯಿಂದ ಹಳೆಯ ಪ್ರಶ್ನೆಪತ್ರಿಕೆ. ವಿಜ್ಞಾನ ತೆಗೆದುಕೊಂಡವರಿಗೆ ಪ್ರಾಯೋಗಿಕ ಪರೀಕ್ಷೆ ಬರಹದ ಪರೀಕ್ಷೆಗಿಂತ ಮೊದಲೇ ಬರುತ್ತದೆ. ತಾರೀಖುಗಳು ಒಮ್ಮೊಮ್ಮೆ ಬದಲಾಗುವುದರಿಂದ ಆ ವರ್ಷದ ವಿವರಣ ಪುಸ್ತಿಕೆ ನೋಡಿಯೇ ಗೆರೆ ಎಳೆಯಿರಿ.

ಪಾಠದ ವಿಷಯದಲ್ಲಿ ನಮ್ಮ ಮನೆಗಳು ಬಡವಲ್ಲ. ಬೋರ್ಡೋ ತಯಾರಿಯನ್ನೇ ನೋಡಿ. 100 ಲೀಟರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. 650 ಲೀಟರಿಗೆ ಎಷ್ಟು? ಇದು ಅನುಪಾತದ ಲೆಕ್ಕ. ಸುಣ್ಣ ಸಾಲದಾಗಿದೆಯೇ ಎಂದು ನೋಡಲು ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದುತ್ತೇವಲ್ಲ, ಚೂರಿಯ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಕಬ್ಬಿಣವು ತಾಮ್ರವನ್ನು ಅದರ ಲವಣದಿಂದ ಹೊರಹಾಕುವ ಈ ಕ್ರಿಯೆಯೇ ಹತ್ತನೆಯ ತರಗತಿಯ ರಸಾಯನಶಾಸ್ತ್ರದ ಮೊದಲ ಪಾಠದಲ್ಲಿದೆ. ಮಳೆಮಾಪಕದಲ್ಲಿ 1 ಮಿಲಿಮೀಟರ್ ಎಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. ಎಕರೆಗೆ ಸುಮಾರು 4,047 ಲೀಟರ್. 100 ಮಿಲಿಮೀಟರ್ ಸುರಿದ ದಿನ ಒಂದು ಎಕರೆ ತೋಟಕ್ಕೆ ಬಿದ್ದದ್ದು ನಾಲ್ಕು ಲಕ್ಷ ಲೀಟರಿಗೂ ಹೆಚ್ಚು! ಮಗುವೇ ಕೂತು ಲೆಕ್ಕ ಹಾಕಲಿ, ಹಾಕಿದ್ದನ್ನು ದಾಖಲೆ ಪುಸ್ತಕಕ್ಕೆ ಸೇರಿಸಲಿ. ಆದರೆ ತೋಟವೇ ಪಾಠಶಾಲೆ ಎಂದು ಪುಸ್ತಕ ಮುಚ್ಚಿಬಿಡುವುದು ಸರಿಯಲ್ಲ. ಪರೀಕ್ಷಕರು ಕೇಳುವುದು ಪಠ್ಯಪುಸ್ತಕದ್ದನ್ನೇ.

ಇನ್ನು ಹೆಸರಿನ ಗೊಂದಲ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ತಂದೆಯ ಹೆಸರು ಸೇರಿ ಇನ್ನೊಂದು, ಟಿ.ಸಿ.ಯಲ್ಲಿ ಬರೀ ಇನಿಷಿಯಲ್, ಕೊಡಗಿನವರಲ್ಲಿ ಮನೆತನದ ಹೆಸರು ಮುಂದೋ ಹಿಂದೋ ಎಂಬ ತಕರಾರು ಬೇರೆ. ಶಾಲೆಗೆ ಹೋಗುವ ಮಗುವಿಗೆ ಇದನ್ನೆಲ್ಲ ಗುಮಾಸ್ತರು ಯಾವಾಗಲೋ ಎತ್ತಿ ಹೇಳುತ್ತಾರೆ, ಮನೆಪಾಠದವರಿಗೆ ಹೇಳುವವರಿಲ್ಲ. 13ನೆಯ ವಯಸ್ಸಿಗೇ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಹತ್ತನೆಯ ತರಗತಿಯ ಅಂಕಪಟ್ಟಿ ಅಚ್ಚಾದ ಮೇಲೆ ಹೆಸರನ್ನೋ ಹುಟ್ಟಿದ ದಿನವನ್ನೋ ತಿದ್ದಿಸುವುದು ಬಹಳ ಕಷ್ಟ. ಜನನವನ್ನೇ ನೋಂದಾಯಿಸಿಲ್ಲದಿದ್ದರೆ, ವರ್ಷ ಕಳೆದ ಮೇಲಿನ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುವುದರಿಂದ ಈ ಕೆಲಸವನ್ನು ಇನ್ನೂ ಮೊದಲೇ ಹಿಡಿಯಬೇಕು. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗೆ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ಹೋಗುವುದೂ ಮೇ ತಿಂಗಳ ಕೆಲಸವೇ.

ಅರ್ಜಿಗಳೆಲ್ಲ ಈಗ ಆನ್‌ಲೈನ್. ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ತುಂಬಿಸುವಾಗ ಅಂಗಡಿಯವರ ಫೋನ್ ನಂಬರನ್ನು ಹಾಕಿಸಬೇಡಿ, ಮನೆಯ ನಂಬರನ್ನೇ ಕೊಡಿ. ಹಾಲ್‌ಟಿಕೆಟ್ಟಿನ ಸುದ್ದಿ ಬರುವುದೂ ಆ ನಂಬರಿಗೇ. ಅರ್ಜಿಯ ಪ್ರತಿ, ಹಣ ಕಟ್ಟಿದ ರಸೀದಿ, ನೋಂದಣಿ ಸಂಖ್ಯೆ ಮೂರನ್ನೂ ಕಾಗದದಲ್ಲಿ ತೆಗೆಸಿ, ತೇವ ತಾಕದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೀರುವಿನ ಮೇಲಿನ ಅರೆಯಲ್ಲಿಡಿ. ಓದದೆಯೇ ಪಾಸು ಮಾಡಿಸುತ್ತೇವೆಂಬ ದಲ್ಲಾಳಿಗಳೂ ಹೆಸರಿಗೆ ಹತ್ತಿರದ ಹೆಸರಿಟ್ಟುಕೊಂಡ ನಕಲಿ ಬೋರ್ಡುಗಳೂ ಇವೆ. ಅಧ್ಯಯನ ಕೇಂದ್ರದ ಹೆಸರು ಎನ್.ಐ.ಓ.ಎಸ್.ನ ಪಟ್ಟಿಯಲ್ಲಿದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕೊಡಬಾರದು.

ಪಾಸಾದ ಮೇಲೂ ಒಂದು ಹೆಜ್ಜೆ ಉಳಿದಿರುತ್ತದೆ. ಎನ್.ಐ.ಓ.ಎಸ್.ನಿಂದ ಅಂಕಪಟ್ಟಿಯ ಜೊತೆಗೆ ವಲಸೆ ಪ್ರಮಾಣಪತ್ರ ಬರುತ್ತದೆ, ಅದು ಕೈಸೇರಿತೇ ನೋಡಿ. ಬೇರೆ ಬೋರ್ಡಿನಿಂದ ಬಂದವರು ಪ್ರಥಮ ಪಿ.ಯು.ಸಿ.ಗೆ ಸೇರುವಾಗ ಪದವಿಪೂರ್ವ ಇಲಾಖೆಯ ಅರ್ಹತಾ ಪತ್ರವೂ ಬೇಕಾಗುತ್ತದೆ. ಏಪ್ರಿಲ್–ಮೇ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಕಾಲೇಜುಗಳು ಆರಂಭವಾಗಿಬಿಡುತ್ತವೆ. ಸೇರಬೇಕೆಂದಿರುವ ಕಾಲೇಜಿನ ಪ್ರಿನ್ಸಿಪಾಲರನ್ನು ಮಾರ್ಚಿನಲ್ಲೇ ಒಮ್ಮೆ ಕಂಡು, ಫಲಿತಾಂಶ ತಡವಾದರೆ ಸೀಟು ಉಳಿಯುತ್ತದೆಯೇ, ಯಾವ ಯಾವ ಕಾಗದ ತರಬೇಕು ಎಂದು ಕೇಳಿ ಬರೆದುಕೊಂಡು ಬನ್ನಿ. ಅದು ಆಗದೆನ್ನುವವರು ಅಕ್ಟೋಬರಿನ ಪರೀಕ್ಷೆಗೇ ಐದೂ ವಿಷಯ ಮುಗಿಸುವಂತೆ ಮೊದಲ ವರ್ಷದಿಂದಲೇ ಗೆರೆ ಎಳೆದುಕೊಳ್ಳಬಹುದು. ಆಗ ಕೈಯಲ್ಲಿ ಐದಾರು ತಿಂಗಳ ಬಿಡುವು ಸಿಗುತ್ತದೆ.