ಜೀಪಿನ ಕಮಾನು ಪಟ್ಟಿ: ದೋಷ ಪತ್ತೆ ಮತ್ತು ದುರಸ್ತಿ



ಮಲೆನಾಡಿನ ಕಾಫಿ, ಅಡಿಕೆ ತೋಟಗಳಲ್ಲಿ ಜೀಪು ಒಂದು ಜೋಡಿ ಎತ್ತಿನಷ್ಟೇ ಅಗತ್ಯವಾದುದು. ಗೊಬ್ಬರ ಸಾಗಿಸಲು, ಕೊಯ್ಲಿನ ಕಾಲದಲ್ಲಿ ಆಳುಗಳನ್ನು ಕರೆತರಲು ಅದೇ ಆಧಾರ. ಕಲ್ಲು, ಕೊರಕಲಿನ ಹಾದಿಯ ಪೆಟ್ಟನ್ನು ತಿನ್ನುವುದು ಅದರ ಕಮಾನು ಪಟ್ಟಿ. ಅದು ಕೆಟ್ಟರೆ ಬೆನ್ನುನೋವಷ್ಟೇ ಅಲ್ಲ. ಇಳಿಜಾರಿನಲ್ಲಿ ಆಕ್ಸಲ್ ಜರುಗಿದರೆ ಹಿಂದೆ ಕುಳಿತವರ ಪ್ರಾಣಕ್ಕೇ ಸಂಚಕಾರ.

ದೋಷ ತಿಳಿಯದೆ ಭಾಗ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಕ್ಷೇತ್ರ ಭೇಟಿಗೆ ಬಳಸುತ್ತಿದ್ದ ಜೀಪು ಒಂದು ಪಕ್ಕಕ್ಕೆ ವಾಲಿದಾಗ ಎರಡು ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಹಣ ಹೋಯಿತು, ವಾಲಿದ್ದು ಹಾಗೆಯೇ ಉಳಿಯಿತು. ಕೊನೆಗೆ ಕೆಸರು ತೊಳೆದು ನೋಡಿದಾಗ ಎರಡನೆಯ ಪಟ್ಟಿ ತುಂಡಾಗಿತ್ತು.

ರಚನೆ

ನಾಲ್ಕೂ ಚಕ್ರಗಳಿಗೆ ಕಮಾನು ಪಟ್ಟಿ ಇರುವ ಜೀಪುಗಳಿಗೆ ಈ ಲೇಖನ ಅನ್ವಯಿಸುತ್ತದೆ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ನಡುವೆ ಸೆಂಟರ್ ಬೋಲ್ಟಿನಿಂದ ಬಂಧಿಸಿರುತ್ತಾರೆ. ಈ ಬೋಲ್ಟಿನ ತಲೆ ಆಕ್ಸಲಿನ ಪೀಠದ ತೂತಿನಲ್ಲಿ ಕುಳಿತು ಆಕ್ಸಲನ್ನು ಸ್ಥಾನದಲ್ಲಿ ನಿಲ್ಲಿಸುತ್ತದೆ. ಯು ಬೋಲ್ಟುಗಳು ಪಟ್ಟಿಗಳನ್ನು ಆಕ್ಸಲಿಗೆ ಬಿಗಿಯುತ್ತವೆ. ಮುಖ್ಯ ಪಟ್ಟಿಯ ಎರಡೂ ತುದಿಯ ಕಣ್ಣುಗಳಲ್ಲಿ ಬುಷ್ ಇರುತ್ತದೆ. ಒಂದು ತುದಿ ನೇರವಾಗಿ ಚಾಸಿಗೆ, ಇನ್ನೊಂದು ತುದಿ ಶ್ಯಾಕಲ್ ಮೂಲಕ ಚಾಸಿಗೆ ಸೇರಿರುತ್ತದೆ. ಭಾರ ಹೊರುವುದು ಪಟ್ಟಿ; ಕುಣಿತ ತಡೆಯುವುದು ಶಾಕ್ ಅಬ್ಸಾರ್ಬರ್. ಈ ಭೇದ ನೆನಪಿರಲಿ.

ದೋಷ ಪತ್ತೆ

ಕೆಸರನ್ನು ಚೆನ್ನಾಗಿ ತೊಳೆಯಿರಿ. ನಾಲ್ಕೂ ಟೈರಿನ ಗಾಳಿ ಸರಿಪಡಿಸಿ, ಹೊರೆ ಇಳಿಸಿ, ಸಮತಟ್ಟಾದ ಕಣದಲ್ಲಿ ಜೀಪು ನಿಲ್ಲಿಸಿ.

1. ಆಕ್ಸಲಿನಿಂದ ಚಾಸಿಯವರೆಗಿನ ಎತ್ತರವನ್ನು ಎಡಕ್ಕೂ ಬಲಕ್ಕೂ ಅಳೆಯಿರಿ. ಒಂದು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ತಗ್ಗಿದ ಕಡೆಯ ಪಟ್ಟಿ ಸೋತಿದೆ ಅಥವಾ ಮುರಿದಿದೆ ಎಂದು ಶಂಕಿಸಿ, ಪಟ್ಟಿಗಳನ್ನು ಒಂದೊಂದಾಗಿ ನೋಡಿ.

2. ಮುಂದಿನ ಚಕ್ರಗಳನ್ನು ನೇರವಾಗಿಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಪಕ್ಕ ಅಳೆಯಿರಿ. ಅಳತೆ ಬೇರೆಯಾದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜರುಗಿರಬಹುದು. ಅಂಥ ಜೀಪಿನಲ್ಲಿ ಯಾರನ್ನೂ ಕೂರಿಸಬೇಡಿ.

3. ಯು ಬೋಲ್ಟಿನ ಸುತ್ತ ತುಕ್ಕಿನ ಪುಡಿ ಅಥವಾ ಉಜ್ಜಿದ ಹೊಳಪು ಕಂಡರೆ ಅದು ಸಡಿಲವಾಗಿದೆ. ಸೆಂಟರ್ ಬೋಲ್ಟ್ ತುಂಡಾಗಲು ಬಹುಮಟ್ಟಿಗೆ ಇದೇ ಕಾರಣ.

4. ಪಟ್ಟಿಯ ಕಣ್ಣಿನ ಬಳಿ ಹಾರೆಯಿಂದ ಮೆಲ್ಲಗೆ ಮೀಟಿ ನೋಡಿ. ಲೊಡಲೊಡ ಆಡಿದರೆ ಬುಷ್ ಅಥವಾ ಪಿನ್ನು ಸವೆದಿದೆ. ಹಳ್ಳದಲ್ಲಿ ಟಕಟಕ ಸದ್ದು ಬರಲು ಹೆಚ್ಚಾಗಿ ಇದೇ ಮೂಲ.

5. ಶಾಕ್ ಅಬ್ಸಾರ್ಬರಿನ ಕೆಳತುದಿ ಬಿಚ್ಚಿ ಕೈಯಿಂದ ಎಳೆದು ಒತ್ತಿ ನೋಡಿ. ಉದ್ದಕ್ಕೂ ಒಂದೇ ಸಮನೆ ತಡೆ ಇರಬೇಕು. ಎಣ್ಣೆ ಸೋರಿದ್ದರೆ ಅಥವಾ ಸರಾಗವಾಗಿ ಜಾರಿದರೆ ಬದಲಿಸಿ.

ಇವೆಲ್ಲ ಸರಿಯಿದ್ದೂ ಸ್ಟಿಯರಿಂಗ್ ನಡುಗಿದರೆ ಚಕ್ರದ ಬೇರಿಂಗ್, ಟೈ ರಾಡ್ ತುದಿಗಳನ್ನು ಪರೀಕ್ಷಿಸಿ.

ದುರಸ್ತಿ

ಜಾಕಿನ ಮೇಲೆ ನಿಂತ ಜೀಪಿನ ಕೆಳಗೆ ಎಂದೂ ನುಸುಳಬೇಡಿ. ನೆಲದಲ್ಲಿರುವ ಚಕ್ರಗಳಿಗೆ ಅಡ್ಡಗಲ್ಲು ಇಟ್ಟು, ಚಾಸಿಯ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಪಟ್ಟಿಯ ಮೇಲಿನ ಭಾರ ಇಳಿದ ಮೇಲೆಯೇ ಬೋಲ್ಟ್ ಬಿಚ್ಚಿ.

ಮುರಿದ ಪಟ್ಟಿಗೆ ವೆಲ್ಡಿಂಗ್ ಮಾಡಿಸಬೇಡಿ. ಬೆಂಕಿಯ ಕಾವಿಗೆ ಉಕ್ಕಿನ ಹದ ಕೆಟ್ಟು, ಬೆಸುಗೆಯ ಪಕ್ಕದಲ್ಲೇ ಅದು ಮತ್ತೆ ಮುರಿಯುತ್ತದೆ. ಅದೇ ಅಳತೆಯ ಹೊಸ ಪಟ್ಟಿ ಹಾಕಿಸಿ. ಸೋತ ಪಟ್ಟಿಗೆ ಕಮಾನು ಏರಿಸುವುದಾದರೆ ಎರಡೂ ಪಕ್ಕಕ್ಕೆ ಏರಿಸಿ. ಅದು ತಾತ್ಕಾಲಿಕ ಉಪಾಯವೆಂಬುದು ತಿಳಿದಿರಲಿ. ಹೆಚ್ಚುವರಿ ಪಟ್ಟಿ ಸೇರಿಸಿದರೆ ಪೆಟ್ಟು ಚಾಸಿಗೆ ಸಾಗುತ್ತದೆ. ಶಾಕ್ ಅಬ್ಸಾರ್ಬರುಗಳನ್ನು ಒಂದು ಆಕ್ಸಲಿಗೆ ಜೋಡಿಯಾಗಿಯೇ ಬದಲಿಸಿ.

ಯು ಬೋಲ್ಟುಗಳನ್ನು ಹೊಸದಾಗಿಯೇ ಹಾಕಿ, ಕರ್ಣಾಕಾರದಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಯಿರಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯುವುದನ್ನು ಮರೆಯಬಾರದು. ರಬ್ಬರ್ ಬುಷ್ ಇದ್ದಲ್ಲಿ, ಜೀಪು ತನ್ನ ಚಕ್ರಗಳ ಮೇಲೆ ನಿಂತ ನಂತರವೇ ಕಣ್ಣಿನ ಬೋಲ್ಟನ್ನು ಕೊನೆಯದಾಗಿ ಬಿಗಿಯಿರಿ. ಎತ್ತಿದ ಸ್ಥಿತಿಯಲ್ಲಿ ಬಿಗಿದರೆ ರಬ್ಬರು ತಿರುಚಿ ಬೇಗ ಹರಿಯುತ್ತದೆ.

ಪೋಷಣೆ

ಗ್ರೀಸ್ ನಿಪ್ಪಲ್ ಇರುವ ಲೋಹದ ಬುಷ್‌ಗಳಿಗೆ ತಪ್ಪದೆ ಗ್ರೀಸ್ ಕೊಡಿ. ರಬ್ಬರ್ ಬುಷ್‌ಗೆ ಗ್ರೀಸ್, ಎಣ್ಣೆ ಸೋಕಿಸಬೇಡಿ, ರಬ್ಬರು ಮೆತ್ತಗಾಗುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸಾಗಿಸಿದ ದಿನ ಚೆಲ್ಲಿದ ಪುಡಿಯನ್ನು ಗುಡಿಸಿ, ಅಡಿಭಾಗವನ್ನು ನೀರಿನಿಂದ ತೊಳೆಯಿರಿ. ಅದರಲ್ಲಿರುವ ಕ್ಲೋರೈಡು ಉಕ್ಕನ್ನು ತುಕ್ಕಿಗೆ ಈಡುಮಾಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮಿತಿ ಮೀರಿ ಹೊರೆ ಹೇರಬೇಡಿ.

ಕೊಯ್ಲು ಆರಂಭವಾಗುವ ಮುನ್ನ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು, ಅಳತೆಪಟ್ಟಿ ಮತ್ತು ಹಾರೆಯೊಡನೆ ಜೀಪಿನ ಸುತ್ತ ಒಂದು ಸುತ್ತು ಬನ್ನಿ. ನಿಮ್ಮನ್ನು ನಂಬಿ ಹಿಂದೆ ಕೂರುವ ಆಳುಗಳು ಸಂಜೆ ಸುರಕ್ಷಿತವಾಗಿ ಮನೆ ಸೇರಲು ಆ ಒಂದು ಸುತ್ತು ನೆರವಾಗುತ್ತದೆ.