ಅಳಿವೆಯ ಲೆಕ್ಕ, ನಮ್ಮ ಹೊಲದ ಪಾಠ



ನದಿಯು ಸಮುದ್ರವನ್ನು ಕೂಡುವ ಸ್ಥಳಕ್ಕೆ ಅಳಿವೆ ಎನ್ನುತ್ತಾರೆ. ಕಡಲಿನಿಂದ ಇಷ್ಟು ದೂರವಿರುವ ಮಮದಾಪುರದವರಿಗೆ ಅದರ ಗೊಡವೆ ಏಕೆಂದು ನೀವು ಕೇಳಬಹುದು. ಅಳಿವೆಯ ಲೆಕ್ಕವೆಂದರೆ ನೀರಿನ ಮತ್ತು ಉಪ್ಪಿನ ಲೆಕ್ಕ. ಇವೆರಡೂ ನಮ್ಮ ಹೊಲದಲ್ಲಿಯೂ ಇವೆ.

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿಯ ಅಳಿವೆಯಿದೆ. ಅಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಮರುದಿನದ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಏರಿಳಿತ ಹೆಚ್ಚು. ಅಷ್ಟಮಿಯ ಸುಮಾರಿಗೆ ಕಡಿಮೆ.

ಅಂದಾಜು ಮಾಡುವ ರೀತಿ:

1. ಏರಿಳಿತ: ಗುರುತು ಹಾಕಿದ ಕೋಲನ್ನು ನೀರಿನಲ್ಲಿ ಗಟ್ಟಿಯಾಗಿ ನೆಡಬೇಕು. ಉಬ್ಬರದ ಮಟ್ಟದಿಂದ ಇಳಿತದ ಮಟ್ಟವನ್ನು ಕಳೆಯಬೇಕು. ಅದು 1.5 ಮೀಟರ್ ಎಂದು ಹಿಡಿಯಿರಿ.

2. ನೀರು: ಉಬ್ಬರದಲ್ಲಿ ನೀರು 120 ಹೆಕ್ಟೇರ್, ಇಳಿತದಲ್ಲಿ 80 ಹೆಕ್ಟೇರ್ ಹರಡಿದ್ದರೆ ಸರಾಸರಿ 100 ಹೆಕ್ಟೇರ್. ಇದನ್ನು 1.5 ಮೀಟರ್‌ನಿಂದ ಗುಣಿಸಿದರೆ 15 ಲಕ್ಷ ಘನ ಮೀಟರ್. ಒಂದು ಉಬ್ಬರಕ್ಕೆ ಒಳಬರುವ ನೀರು ಇಷ್ಟು. ನಮ್ಮೂರ ಕೆರೆಯ ನೀರು ಬೇಸಿಗೆಯಲ್ಲಿ ಎಷ್ಟು ಇಳಿಯಿತೆಂಬುದನ್ನೂ ಹೀಗೆಯೇ ತಿಳಿಯಬಹುದು.

3. ಉಪ್ಪು: ಒಂದು ಲೀಟರ್ ನೀರನ್ನು ಪೂರ್ತಿ ಇಂಗುವವರೆಗೆ ಕಾಯಿಸಿ, ಉಳಿದುದನ್ನು ತೂಗಬೇಕು. ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಸಿಗುತ್ತದೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ನುಗ್ಗುವುದರಿಂದ ಅಳಿವೆಯಲ್ಲಿ ಇದು ಬಹಳ ಕಡಿಮೆಯಾಗುತ್ತದೆ.

ಅಲ್ಲಿಯ ಗಜನಿ ಭೂಮಿಯ ರೈತರು ಈ ಲೆಕ್ಕವನ್ನು ಅನುಭವದಿಂದಲೇ ಬಲ್ಲರು. ಒಡ್ಡು ಕಟ್ಟಿ ಉಪ್ಪುನೀರನ್ನು ತಡೆಯುತ್ತಾರೆ. ಮಳೆನೀರು ಮಣ್ಣಿನ ಉಪ್ಪನ್ನು ತೊಳೆದು ಹೊರಹಾಕುತ್ತದೆ. ಆಗ ಉಪ್ಪು ತಾಳುವ ಕಗ್ಗ ಭತ್ತವನ್ನು ಬೆಳೆಯುತ್ತಾರೆ.

ಈಗ ನಮ್ಮ ಎರೆಭೂಮಿಗೆ ಬರೋಣ. ಒಂದು ಎಕರೆಗೆ ನಾಲ್ಕು ಇಂಚು ನೀರು ಹಾಯಿಸಿದರೆ ಸುಮಾರು 4 ಲಕ್ಷ ಲೀಟರ್ ಆಗುತ್ತದೆ. ಲೀಟರಿಗೆ ಅರ್ಧ ಗ್ರಾಂ ಉಪ್ಪಿದ್ದರೂ ಒಂದೇ ಸರದಿಗೆ ಎರಡು ಕ್ವಿಂಟಲ್ ಉಪ್ಪು ಹೊಲ ಸೇರಿತು! ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಅಳಿವೆಗೆ ಇಳಿತವಿದೆ; ನಮ್ಮ ಹೊಲಕ್ಕೆ ಅದಿಲ್ಲ. ಬಸಿಗಾಲುವೆಯೇ ನಮ್ಮ ಇಳಿತ. ಅದಿಲ್ಲದೆ ನೀರು ಹೆಚ್ಚು ಹಾಯಿಸಿದವರ ಭೂಮಿ ಸವಳು-ಜವಳಾಗುತ್ತದೆ. ಅದನ್ನು ಮತ್ತೆ ಹದಕ್ಕೆ ತರಲು ವರ್ಷಗಳೇ ಬೇಕು.

ಆದುದರಿಂದ ಬಾವಿಯ ಹಾಗೂ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ. ಬೆಳೆಗೆ ಬೇಕಾದಷ್ಟೇ ನೀರು ಕೊಡಿರಿ. ನೀರು ಬರುವ ದಾರಿ ಮಾಡುವ ಮೊದಲು ಅದು ಹೋಗುವ ದಾರಿ ಮಾಡಿರಿ.